ಕಾಯಿ ಹಣ್ಣಾಗುವ ಲೆಕ್ಕ

ಬ್ಲಾಗಿನ ಮೇಲೆ ಧೂಳು ಕೂತು ಬಹಳ ದಿನ ಆಯ್ತು. ದೋಣಿಮಲೈನಲ್ಲಿ ಬೆಳೆದವನಿಗೆ ಧೂಳೇನೂ ಹೊಸದಲ್ಲ ಬಿಡಿ :-) ಆದರೂ ಒಮ್ಮೆ ಒರೆಸೋಣ ಅಂತ ಕೂತಿದ್ದೇನೆ.

ಈ ಸಲದ ವಿಷಯ ಸ್ವಲ್ಪ ಮೇಷ್ಟ್ರ ಥರದ್ದು. ಮಕ್ಕಳು ಪಾಠ ಕಲಿತಿದ್ದಾರೋ ಇಲ್ಲವೋ ಅನ್ನುವುದನ್ನು ಪರೀಕ್ಷೆಯ ಬದಲು ಆಟ ಆಡಿಸಿ ಕಂಡುಹಿಡಿಯಬಹುದೇ? ಬೋರು ಅನ್ನಿಸಿದರೆ ಈಗಲೇ ಹೇಳಿಬಿಡುತ್ತೇನೆ, ಮುಂದೆ ಚೌಕಾಬಾರ ಇದೆ, ಹುಣಸೆ ಬೀಜ ಇದೆ, ಹಂಪಿಯೂ ಒಂದು ಸುತ್ತು ಬಂದು ಹೋಗುತ್ತದೆ. ಓದಿ ನೋಡಿ.

ಈ ಪ್ರಶ್ನೆ ನನ್ನ ತಲೆಗೆ ಎರಡು ಕಡೆಯಿಂದ ಹತ್ತಿಕೊಂಡಿತು. ಒಂದು ಆಫೀಸಿನ ಕಡೆಯಿಂದ. ನಮ್ಮ ಟೀಮು ಸದ್ಯ ಶಾಲೆ ಮಕ್ಕಳ ಗಣಿತದ ಆಪ್ ಒಂದನ್ನು ಮಾಡುತ್ತಿದೆ. ಅದಕ್ಕೆ 'ಗೇಮ್' ಸೇರಿಸಬೇಕು ಅಂತ ಗ್ರಾಹಕರ ಬೇಡಿಕೆ. ಬೇಗ ಉತ್ತರ ಕೊಟ್ಟರೆ ನಾಣ್ಯ, ನಾಣ್ಯ ಜಾಸ್ತಿಯಾದರೆ ಕಿರೀಟ, ಕಿರೀಟ ಇದ್ದವರದು ರ‍್ಯಾಂಕ್ ಪಟ್ಟಿ, ವಾರದ ಕೊನೆಗೆ ಟೀಚರಿಗೊಂದು ರಿಪೋರ್ಟು. ಇನ್ನೊಂದು ಊರಿನ ಕಡೆಯಿಂದ. ನಮ್ಮ ದೊಡ್ಡಪ್ಪನ ಮಗಳು, ನನಗಿಂತ ಎಂಟು ವರ್ಷ ದೊಡ್ಡವಳು, ಸಂಡೂರು ತಾಲೂಕಿನ ಒಂದು ಸಣ್ಣ ಊರಿನ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಇಬ್ಬರೇ ಟೀಚರುಗಳ ಶಾಲೆ. 1, 2, 3ನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ, ಒಟ್ಟು 28 ಜನ, ಎಲ್ಲರೂ ಅಕ್ಕನ ಪಾಲಿಗೆ. ನಮ್ಮ ಆಪಿನ ಕಥೆ ಹೇಳಿದಾಗ ಅವಳು ನಕ್ಕಳು. "ಆಟ ಆಡಿಸಿ ನೋಡೋದು ನಾವು ಯಾವತ್ತಿಂದಲೋ ಮಾಡಾಕತ್ತೀವಿ ತಮ್ಮಾ. ರಜಾ ಹಾಕಿ ಬಂದು ನೋಡು ಒಮ್ಮೆ" ಅಂದಳು. ಹೋದೆ. ಎರಡು ದಿನ ಆ ಕೋಣೆಯ ಮೂಲೆಯಲ್ಲಿ ಕೂತಿದ್ದೆ.

*

ನಮ್ಮ ಕಡೆಯ ಪರಿಚಯ ಇಲ್ಲದವರಿಗೆ ಎರಡು ಮಾತು. ದೋಣಿಮಲೈ ಅಂದರೆ ಎನ್‌ಎಂಡಿಸಿಯ ಕಬ್ಬಿಣದ ಅದಿರಿನ ಗಣಿ ಮತ್ತು ಅದರ ಟೌನ್‌ಶಿಪ್. ಗಣಿ ಶುರುವಾದದ್ದು 1977ರಲ್ಲಿ. ಟೌನ್‌ಶಿಪ್‌ನಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ ಎಲ್ಲ ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ಲೀಸಿನ ಜಗಳದಲ್ಲಿ 2018ರ ನವೆಂಬರಿನಲ್ಲಿ ಗಣಿ ನಿಂತು, 2021ರ ಫೆಬ್ರವರಿಯಲ್ಲಿ ಮತ್ತೆ ಶುರುವಾಯಿತು. ಅದೇ 2021ರಲ್ಲಿ ಜಿಲ್ಲೆಯೂ ಎರಡಾಯಿತು, ಹೊಸಪೇಟೆ ಮತ್ತು ಹಂಪಿ ವಿಜಯನಗರ ಜಿಲ್ಲೆಗೆ ಹೋದವು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಟೌನ್‌ಶಿಪ್‌ನ ಕಾಂಪೌಂಡಿನಾಚೆ ಗುಡ್ಡದ ಬುಡದಲ್ಲಿ ಹಳ್ಳಿಗಳು, ಲಂಬಾಣಿ ತಾಂಡಾಗಳು. ಸುಗ್ಗಿ ಮುಗಿದು ಕಬ್ಬು ಕಡಿಯುವ ಕಾಲ ಬಂದರೆ ಅಲ್ಲಿನ ಎಷ್ಟೋ ಮನೆಗಳಿಗೆ ಬೀಗ. ದೊಡ್ಡವರ ಜೊತೆ ಮಕ್ಕಳೂ ಹೊರಡುತ್ತಾರೆ. ಅಕ್ಕನ ಶಾಲೆ ಇಂಥ ಕಡೆ ಇದೆ.

ಈ ಬೀಗದ ವಿಷಯ ಯಾಕೆ ಹೇಳಿದೆ ಅಂದರೆ, ನಲಿ-ಕಲಿ ಹುಟ್ಟಿದ್ದೇ ಇಂಥ ಮಕ್ಕಳಿಗಾಗಿ ಅನ್ನಬಹುದು. ನಿಮ್ಮಲ್ಲಿ ಟೀಚರುಗಳಿದ್ದರೆ ಇದು ಗೊತ್ತಿರುತ್ತದೆ, ಮಿಕ್ಕವರಿಗಾಗಿ ಬರೆಯುತ್ತಿದ್ದೇನೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಇದು ಶುರುವಾಯಿತು. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಬಹುತರಗತಿ ಶಾಲೆಗಳನ್ನು ನೋಡಿ ಬಂದ ನಮ್ಮ ಸರಕಾರಿ ಶಾಲೆಯ ಮೇಷ್ಟ್ರುಗಳೇ ಕೂತು ಕಾರ್ಡು ಬರೆದರು. 2009-10ರಿಂದ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂತು. ನಾನು ಅಷ್ಟೊತ್ತಿಗೆ ಒಂದು, ಎರಡನೇ ತರಗತಿ ದಾಟಿದ್ದರಿಂದ ನನಗೆ ಆ ಭಾಗ್ಯ ಇಲ್ಲ :-(

ಅಲ್ಲಿ ಪಾಠಪುಸ್ತಕದ ಜಾಗದಲ್ಲಿ ಗೋಡೆಯ ಮೇಲೊಂದು ಏಣಿ. ಭಾಷೆಗೊಂದು, ಗಣಿತಕ್ಕೊಂದು, ಪರಿಸರಕ್ಕೊಂದು. ಏಣಿಯ ಒಂದೊಂದು ಮೆಟ್ಟಿಲಿಗೂ ಒಂದು ಚಿತ್ರ, ಒಂದು ಸಂಖ್ಯೆ. ಮಗು ಬಂದು ತಾನು ಎಲ್ಲಿದ್ದೇನೆ ಅಂತ ನೋಡಿ, ಆ ಚಿತ್ರದ ಕಾರ್ಡು ತೆಗೆದುಕೊಂಡು, ಆ ಕಾರ್ಡಿಗೆ ಹೊಂದುವ 'ತಟ್ಟೆ'ಯಲ್ಲಿ ಕೂರುತ್ತದೆ. ತಟ್ಟೆ ಅಂದರೆ ಊಟದ್ದಲ್ಲ, ಗುಂಪು. ಟೀಚರ್ ಪೂರ್ತಿ ಜೊತೆಗಿರುವ ಗುಂಪು, ಅರ್ಧ ಸಹಾಯದ ಗುಂಪು, ಗೆಳೆಯರೇ ಹೇಳಿಕೊಡುವ ಗುಂಪು, ತಾನೇ ಕಲಿಯುವ ಗುಂಪು ಹೀಗೆ. ಎರಡು ತಿಂಗಳು ಕಬ್ಬಿನ ಗದ್ದೆಯಲ್ಲಿದ್ದು ಬಂದ ಮಗು 'ಪಾಠ ತಪ್ಪಿಸಿಕೊಂಡೆ' ಅನ್ನಬೇಕಿಲ್ಲ, ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು. ಮೌಲ್ಯಮಾಪನ ಕೂಡ ಏಣಿಯ ನಡುವೆಯೇ ಒಂದು ಮೆಟ್ಟಿಲು, ಆಟ, ಹಾಡು, ಚಿತ್ರಗಳ ಜೊತೆ ಬಂದು ಹೋಗುತ್ತದೆ. ಅದಕ್ಕೆ ಬೇರೆ ದಿನ, ಬೇರೆ ಬೆಂಚು, ಬೆವರುವ ಕೈ ಇಲ್ಲ.

ಇದು ಬರೆದಿಟ್ಟ ರೂಪ. ನಡೆಯುವ ರೂಪದಲ್ಲಿ ಒಂದು ತೊಡಕಿದೆ. ಮಗು ಬಿಟ್ಟ ಮೆಟ್ಟಿಲಿಂದ ಹತ್ತಬೇಕು ಸರಿ, ಆದರೆ ಬಿಟ್ಟದ್ದು ಯಾವ ಮೆಟ್ಟಿಲು? ಆರು ತಿಂಗಳಲ್ಲಿ ಮರೆತದ್ದೆಷ್ಟು, ಗದ್ದೆಯಲ್ಲಿ ಹೊಸದಾಗಿ ಕಲಿತದ್ದೆಷ್ಟು? ಅದನ್ನು ತಿಳಿಯದೆ ಯಾವ ತಟ್ಟೆಯಲ್ಲಿ ಕೂರಿಸುವುದು?

*

ಅಕ್ಕನ ಉಪಾಯ ಇದು. ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಸಾಲು ಐದು ಕಂಬದ ಚೌಕಾಬಾರದ ಮನೆ. ಕವಡೆ ಸಿಗುವುದು ಕಷ್ಟ, ಅದಕ್ಕೆ ನಾಲ್ಕು ಹುಣಸೆ ಬೀಜ, ಒಂದು ಬದಿ ಬಿಳಿ ಕಾಣುವ ಹಾಗೆ ಕಲ್ಲಿಗೆ ಉಜ್ಜಿದ್ದು. ಕಾಯಿಗಳಿಗೆ ಬಳೆ ಚೂರು, ಬೇವಿನ ಬೀಜ, ಬಿಳಿ ಕಲ್ಲು ಮತ್ತು ನಮ್ಮೂರಲ್ಲಿ ಕೊರತೆಯೇ ಇಲ್ಲದ ಅದಿರಿನ ಕಲ್ಲು. ನಾಲ್ಕು ಮಕ್ಕಳು ಸುತ್ತ ಕೂತರು. ಅಕ್ಕ ಪಕ್ಕದ ಗುಂಪಿಗೆ ಕಾರ್ಡು ಕೊಡುತ್ತಾ, ಕಣ್ಣಿನ ತುದಿಯಲ್ಲಿ ಇತ್ತ ನೋಡುತ್ತಾ ಇದ್ದಳು.

ಆಟ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾಲ್ಕು ಬೀಜ ಚೆಲ್ಲಿದಾಗ ಎಷ್ಟು ಬಿಳಿ ಮೇಲಾಗಿ ಬೀಳುತ್ತದೋ ಅಷ್ಟು ಮನೆ. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಚೌಕ ಅಥವಾ ಬಾರ ಬಿದ್ದರೆ ಇನ್ನೊಂದು ಸಲ ಚೆಲ್ಲಬಹುದು, ಬಿದ್ದದ್ದನ್ನೆಲ್ಲ ಬೇಕಾದ ಕಾಯಿಗಳಿಗೆ ಹಂಚಬಹುದು. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ 1. ಒಟ್ಟು 25. ಹೊರಟ ಮನೆಯಿಂದ ನಡುಮನೆ ಸೇರಲು 24 ಹೆಜ್ಜೆ. ನಡುಮನೆ ಸೇರಿದರೆ ಕಾಯಿ 'ಹಣ್ಣಾಯ್ತು'. ದಾರಿಯಲ್ಲಿ ಇನ್ನೊಬ್ಬರ ಕಾಯಿ ಇರುವ ಮನೆಗೆ ಸರಿಯಾಗಿ ಹೋಗಿ ಕೂತರೆ ಅದನ್ನು ಹೊಡೆಯಬಹುದು, ಅದು ಮೊದಲಿಂದ ಹೊರಡಬೇಕು. ಗೀಟು ಹಾಕಿದ ಕಟ್ಟೆಮನೆಯಲ್ಲಿ ಇದ್ದರೆ ಯಾರೂ ಹೊಡೆಯುವ ಹಾಗಿಲ್ಲ.

ಈಗ ಇಂಜಿನಿಯರ್ ಕಣ್ಣಿನಿಂದ ನೋಡಿ. ಒಂದು ಸಲ ಬೀಜ ಚೆಲ್ಲಿದರೆ ಮಗು ಏನೇನು ಮಾಡಬೇಕು? ಬಿಳಿ ಎಷ್ಟು ಅಂತ ಒಂದೇ ನೋಟಕ್ಕೆ ಗುರುತಿಸಬೇಕು. ಎರಡು ಮೂರು ಸಲದ್ದನ್ನು ಕೂಡಿಸಬೇಕು. ಯಾವ ಕಾಯಿಗೆ ಎಷ್ಟು ಅಂತ ಒಡೆದು ಹಂಚಬೇಕು. ಮುಂದಿನ ಕಾಯಿ ಎಷ್ಟು ದೂರ ಇದೆ ಅಂತ ಕಳೆಯಬೇಕು. ಎದುರಿನವರಿಗೆ ಏನು ಬಿದ್ದರೆ ತನಗೆ ಅಪಾಯ ಅಂತ ಮುಂದೆ ಯೋಚಿಸಬೇಕು. ಪ್ರಶ್ನೆಪತ್ರಿಕೆಯಲ್ಲಿ ಇವನ್ನೆಲ್ಲ ಕೇಳಲು ಎರಡು ಪುಟ ಬೇಕು. ಇಲ್ಲಿ ಮಗುವೇ ತನಗೆ ತಾನು ಪ್ರಶ್ನೆ ಹಾಕಿಕೊಂಡು, ಉತ್ತರ ತಪ್ಪಿದರೆ ಕಾಯಿ ಕಳೆದುಕೊಂಡು, ಮತ್ತೆ ಪ್ರಯತ್ನಿಸುತ್ತದೆ. ಅದೂ ಅರ್ಧ ಗಂಟೆ, ನಗುತ್ತಾ, ಜಗಳ ಆಡುತ್ತಾ.

ಎರಡು ದಿನ ನೋಡಿದ್ದರಲ್ಲಿ ಮೂರು ಮಕ್ಕಳ ಬಗ್ಗೆ ಹೇಳುತ್ತೇನೆ. ಹೆಸರು ಬರೆಯುವುದಿಲ್ಲ.

ಮೊದಲನೆಯವಳು ಎರಡನೇ ತರಗತಿ ಹುಡುಗಿ. ಹಾಳೆಯ ಮೇಲಿನ ಕೂಡುವ ಲೆಕ್ಕದಲ್ಲಿ ಅವಳಿಗೆ ಹತ್ತಕ್ಕೆ ಹತ್ತು. ಅಕ್ಷರ ಮುತ್ತಿನ ಥರ. ಆಟಕ್ಕೆ ಕೂತಾಗ ಪ್ರತಿ ಮನೆಯನ್ನೂ ಬೆರಳಿಟ್ಟು ಎಣಿಸುತ್ತಿದ್ದಳು, ಅದೂ ತನ್ನ ಕಾಯಿ ಇರುವ ಮನೆಯನ್ನೇ ಒಂದು ಅಂತ ಹಿಡಿದು. ಹಾಗಾಗಿ ಪ್ರತಿ ಸಲವೂ ಒಂದು ಮನೆ ಹಿಂದೆ ಬೀಳುತ್ತಿದ್ದಳು. ಚೌಕ ಬಿದ್ದು ಆಮೇಲೆ ಮೂರು ಬಿದ್ದರೆ ನಾಲ್ಕು ಎಣಿಸಿ ನಿಲ್ಲಿಸಿ, ಮತ್ತೆ ಮೂರು ಎಣಿಸಿ ನಿಲ್ಲಿಸುತ್ತಿದ್ದಳು. ಏಳು ಅಂತ ಒಟ್ಟಿಗೆ ಅವಳ ಬಾಯಲ್ಲಿ ಬರಲೇ ಇಲ್ಲ. ಮೇಲೆ ಕೆಳಗೆ ಬರೆದು ಕೂಡುವ ವಿಧಾನ ಅವಳಿಗೆ ಬರುತ್ತದೆ, ಸಂಖ್ಯೆ ಇನ್ನೂ ಕೈಗೆ ಹತ್ತಿಲ್ಲ. ಹತ್ತಕ್ಕೆ ಹತ್ತು ಅನ್ನುವ ಅಂಕ ಇದನ್ನು ಮುಚ್ಚಿಟ್ಟಿತ್ತು.

ಎರಡನೆಯವನು ಮೂರನೇ ತರಗತಿ ಹುಡುಗ. ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯಲು ಹೋಗಿ ಬಂದವನು, ಮನೆಮಾತು ಲಂಬಾಣಿ. ಹಾಳೆಯ ಮೇಲೆ ಮಾವಿನಹಣ್ಣಿನ ಲೆಕ್ಕ ಕೊಟ್ಟಿದ್ದರು. ಇಷ್ಟು ಹಣ್ಣು ಇದ್ದವು, ಇಷ್ಟು ತಂದರು, ಒಟ್ಟು ಎಷ್ಟು? ಅವನದು ಖಾಲಿ ಹಾಳೆ. ಆ ಹಾಳೆ ನಂಬಿದರೆ ಅವನನ್ನು ಒಂದನೇ ತರಗತಿ ಮಕ್ಕಳ ಕಾರ್ಡಿಗೆ ಕೂರಿಸಬೇಕು. ಆಟದಲ್ಲಿ ಅವನಿಗೆ ಬಾರ ಬಿತ್ತು, ಮತ್ತೆ ಚೌಕ, ಆಮೇಲೆ ಮೂರು. ಎದುರಿನವಳ ಕಾಯಿ ಏಳು ಮನೆ ಮುಂದಿತ್ತು. ಬೆರಳು ಇಡಲಿಲ್ಲ, ತುಟಿ ಅಲ್ಲಾಡಿಸಲಿಲ್ಲ. ಚೌಕ ಮತ್ತು ಮೂರನ್ನು ಸೇರಿಸಿ ಅದನ್ನು ಹೊಡೆದ, ಎಂಟನ್ನು ಇನ್ನೊಂದು ಕಾಯಿಗೆ ಕೊಟ್ಟು ಕಟ್ಟೆಮನೆ ಸೇರಿಸಿದ. ಸ್ವಲ್ಪ ಹೊತ್ತಿಗೆ ಅಕ್ಕ ಸುಮ್ಮನೆ ದಾಟಿ ಹೋಗುವವಳ ಥರ ಕೇಳಿದಳು, "ಈ ಕಾಯಿ ಹಣ್ಣಾಗಾಕ ಇನ್ನ ಎಷ್ಟು ಬೇಕೋ?" ಹೊರಸುತ್ತಿನ ಕೊನೇ ಮನೆಯಲ್ಲಿತ್ತು ಅದು. ಅವನು ಮೊದಲು ತನ್ನ ಭಾಷೆಯಲ್ಲಿ ಏನೋ ಗೊಣಗಿ, ಆಮೇಲೆ ಕನ್ನಡದಲ್ಲಿ "ಒಂಬತ್ತು ಟೀಚರ್" ಅಂದ. ಹೆಂಗೆ ಅಂದಿದ್ದಕ್ಕೆ "ಒಳಗಿಂದು ಎಂಟು, ನಡಬರಕಿಂದು ಒಂದು" ಅಂದ. ಇಪ್ಪತ್ನಾಲ್ಕರಲ್ಲಿ ಹದಿನೈದು ಕಳೆಯುವುದಕ್ಕಿಂತ ಚಂದದ ದಾರಿ ಇದು. ಮಾವಿನಹಣ್ಣಿನ ಲೆಕ್ಕ ಅವನ ಗಣಿತವನ್ನು ಅಳೆದಿರಲೇ ಇಲ್ಲ, ಅವನು ಕನ್ನಡ ಓದುವುದನ್ನು ಅಳೆದಿತ್ತು.

ಮೂರನೆಯವನು ಒಬ್ಬ ತುಂಟ. ಸತತ ಮೂರು ಆಟ ಗೆದ್ದ. ಅವನಿಗೆ ಬೇಕೆಂದಾಗಲೆಲ್ಲ ಚೌಕ! ಇವನು ಏನು ಕಲಿತಿದ್ದಾನೆ? ಮೂರು ಆಟ ನೋಡಿದ ಮೇಲೂ ನನಗೆ ಹೇಳಲು ಬರಲಿಲ್ಲ. ಸುಮ್ಮನೆ ಮುಂದಿನ ಕಾಯಿಯನ್ನೇ ನಡೆಸುತ್ತಾ ಹೋಗುತ್ತಿದ್ದ, ಅದೃಷ್ಟ ಕೈ ಹಿಡಿದಿತ್ತು. ಆಟ ನೋಡಿ ಅಂಕ ಹಾಕುವುದಾದರೆ ಮೊದಲ ರ‍್ಯಾಂಕ್ ಇವನಿಗೇ ಹೋಗುತ್ತಿತ್ತು.

*

ಇಲ್ಲಿಗೆ ನನ್ನ ಆಫೀಸಿನ ತಲೆನೋವು ಬಂತು. ಲೆಕ್ಕ ಹಾಕಿ ನೋಡಿ. ಬೀಜದ ಎರಡೂ ಬದಿ ಸಮನಾಗಿ ಬೀಳುತ್ತವೆ ಅಂತ ಇಟ್ಟುಕೊಂಡರೆ ಒಟ್ಟು 16 ಸಾಧ್ಯತೆ. ಅದರಲ್ಲಿ ಒಂದು ಬೀಳುವುದು 4, ಎರಡು ಬೀಳುವುದು 6, ಮೂರು ಬೀಳುವುದು 4, ಚೌಕ 1, ಬಾರ 1. ಅಂದರೆ ಗೆಲುವನ್ನು ತಂದುಕೊಡುವ ಚೌಕ, ಬಾರ ಹದಿನಾರಕ್ಕೆ ಎರಡೇ ಸಲ. ಮೂರು ಆಟದಲ್ಲಿ ಅವು ಯಾರಿಗೆ ಬಿದ್ದವು ಅನ್ನುವುದರ ಮೇಲೆ ಗೆಲುವು ನಿಂತಿದ್ದರೆ, ಗೆಲುವು ಕಲಿಕೆಯ ಬಗ್ಗೆ ಹೇಳುವುದು ಬಹಳ ಕಡಿಮೆ. ಬಿದ್ದದ್ದರಲ್ಲಿ ಮಗು ಏನು ಮಾಡಿತು ಅನ್ನುವುದೇ ಮಾಹಿತಿ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕೆಂದರೆ ಕೊನೆಯ ಔಟ್‌ಪುಟ್ ಬೇಡ, ಲಾಗ್ ಫೈಲ್ ಬೇಕು.

ಅಕ್ಕ ಇದನ್ನೆಲ್ಲ ಹದಿನಾರರ ಲೆಕ್ಕ ಇಲ್ಲದೆಯೇ ಕಂಡುಕೊಂಡಿದ್ದಾಳೆ. ಅವಳದೊಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಮಗುವಿಗೊಂದು ಪುಟ. ಅದರಲ್ಲಿ ಗೆದ್ದದ್ದು ಸೋತದ್ದು ಎಲ್ಲೂ ಇಲ್ಲ. ಮೂರೇ ಕಂಬ: ಎಣಿಸುವುದು ಹೇಗೆ, ಮುಂದಿನ ಯೋಚನೆ ಇದೆಯೇ, ತಪ್ಪಾದಾಗ ಏನು ಮಾಡುತ್ತದೆ. ಮೂರನೇ ಕಂಬ ನನಗೆ ಬಹಳ ಹಿಡಿಸಿತು. ಎದುರಿನವರು "ಏ, ಒಂದು ಕಮ್ಮಿ ನಡಸಿದಿ" ಅಂದಾಗ ಕೆಲವರು ಮತ್ತೆ ಎಣಿಸುತ್ತಾರೆ, ಕೆಲವರು ಅಳುತ್ತಾರೆ, ಕೆಲವರು ಜಗಳಕ್ಕೆ ನಿಲ್ಲುತ್ತಾರೆ. ಆ ತುಂಟನಿಗೆ ಅವಳು ಮಾರನೇ ದಿನ ಬೇರೆ ಆಟ ಕೊಟ್ಟಳು, ಅಳಿಗುಳಿ ಮಣೆ. ಅದರಲ್ಲಿ ಬೀಜ ಚೆಲ್ಲುವುದಿಲ್ಲ, ಹಾಗಾಗಿ ಅದೃಷ್ಟಕ್ಕೆ ಜಾಗ ಇಲ್ಲ. ಎರಡು ಸಾಲಿಗೆ ಏಳೇಳು ಗುಳಿ, ಗುಳಿಗೆ ಐದರಂತೆ 70 ಬೀಜ. ಗುಳಿಗೆ ಕೈ ಹಾಕುವ ಮೊದಲೇ "ಕೊನೇ ಬೀಜ ಎಲ್ಲಿ ಬೀಳ್ತೈತಿ ಹೇಳು" ಅಂತ ಕೇಳಿದಳು. ಎರಡು ಸಲ ತಪ್ಪಿದ, ಮೂರನೇ ಸಲದಿಂದ ಸರಿ ಹೇಳತೊಡಗಿದ. ಆಟದ ಕೊನೆಗೆ "ನಿಂದು ಮೂವತ್ತೆಂಟು, ಹಂಗಾದ್ರ ಅವಂದು ಎಷ್ಟು?" ಅಂದಾಗ ಎದುರಿನವನ ಬೀಜ ಎಣಿಸಲು ಕೈ ಚಾಚಿದ, ಆಮೇಲೆ ಅದೇನೋ ಹೊಳೆದವನಂತೆ ಕೈ ಹಿಂದಕ್ಕೆ ತೆಗೆದು "ಮೂವತ್ತೆರಡು" ಅಂದ. ಆ ಕೈ ಹಿಂದಕ್ಕೆ ಹೋದ ಒಂದು ಕ್ಷಣ ಇದೆಯಲ್ಲ, ಅದನ್ನು ಯಾವ ಪ್ರಶ್ನೆಪತ್ರಿಕೆ ಹಿಡಿಯುತ್ತದೆ ಹೇಳಿ?

ನೋಟ್‌ಬುಕ್ಕನ್ನು ಅಕ್ಕ ಆಟದ ಹೊತ್ತಿನಲ್ಲಿ ತೆಗೆಯುವುದಿಲ್ಲ. ಊಟದ ಬಿಡುವಿನಲ್ಲಿ ಕೂತು ನೆನಪಿನಿಂದ ಬರೆಯುತ್ತಾಳೆ. ಯಾಕೆ ಅಂತ ಕೇಳಿದೆ.

"ಪುಸ್ತಕ ತಗದ್ರ ಹುಡುಗರಿಗೆ ಗೊತ್ತಾಗಿಬಿಡ್ತೈತಿ. ಆಮೇಲೆ ಅವು ಆಡಂಗಿಲ್ಲ, ನನ್ನ ಮುಖ ನೋಡ್ತಾವ."

ಇದನ್ನು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಅಂಕಕ್ಕೆ ಅಂತ ಗೊತ್ತಾದ ಕೂಡಲೇ ಆಟ ಆಟವಾಗಿ ಉಳಿಯುವುದಿಲ್ಲ. ತಪ್ಪು ಮಾಡುವ ಧೈರ್ಯ ಹೋಗುತ್ತದೆ. ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ವಲೇರಿ ಶೂಟ್ ಅನ್ನುವವರು ಕಂಪ್ಯೂಟರ್ ಆಟಗಳೊಳಗೆ ಮಕ್ಕಳಿಗೆ ಗೊತ್ತಾಗದ ಹಾಗೆ ಮೌಲ್ಯಮಾಪನ ಹುದುಗಿಸುವ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮಗು ಗೆದ್ದಿತೋ ಇಲ್ಲವೋ ಅನ್ನುವುದಕ್ಕಿಂತ ಆಡುವ ದಾರಿಯಲ್ಲಿ ಮಾಡಿದ ಒಂದೊಂದು ಕೆಲಸವನ್ನೂ ಸಾಕ್ಷಿ ಅಂತ ತೆಗೆದುಕೊಳ್ಳುವುದು ಅಲ್ಲಿನ ತಿರುಳು. ನಮ್ಮಕ್ಕ ಊಟದ ಬಿಡುವಿನಲ್ಲಿ ಬಾಲ್‌ಪೆನ್ನಿನಿಂದ ಮಾಡುತ್ತಿರುವುದೂ ಅದೇ.

ಇನ್ನೂ ಒಂದು ಸಂಗತಿ. ಆಟ ಅಳೆಯುತ್ತದೆ ಮಾತ್ರ ಅಲ್ಲ, ಕಲಿಸುತ್ತದೆ ಕೂಡ. ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ ಒಂದರಿಂದ ಹತ್ತರವರೆಗಿನ ಮನೆಗಳಿರುವ ಒಂದು ಸರಳ ಆಟ ಆಡಿಸಿದರು. ಎರಡು ವಾರದಲ್ಲಿ ನಾಲ್ಕು ಸಲ, ಪ್ರತಿ ಸಲ ಹದಿನೈದು ಇಪ್ಪತ್ತು ನಿಮಿಷ, ಅಷ್ಟೇ. ಎಣಿಕೆ, ಸಂಖ್ಯೆ ಗುರುತಿಸುವುದು, ಯಾವುದು ದೊಡ್ಡದು ಅನ್ನುವುದು ಎಲ್ಲ ಸುಧಾರಿಸಿತು. ಸಂಖ್ಯೆಯ ಬದಲು ಬಣ್ಣದ ಮನೆಗಳಿದ್ದ ಆಟ ಆಡಿದ ಮಕ್ಕಳಲ್ಲಿ ಆ ಸುಧಾರಣೆ ಕಾಣಲಿಲ್ಲ. ಸೀಗ್ಲರ್ ಆಮೇಲೆ ಇನ್ನೊಬ್ಬರ ಜೊತೆ ಮಾಡಿದ ಅಧ್ಯಯನದಲ್ಲಿ ಎಣಿಸುವ ರೀತಿಯೂ ಮುಖ್ಯ ಅಂತ ಬಂತು. ಐದನೇ ಮನೆಯಿಂದ ಎರಡು ಹೆಜ್ಜೆ ಹೋಗುವಾಗ 'ಒಂದು, ಎರಡು' ಅನ್ನುವುದಕ್ಕಿಂತ 'ಆರು, ಏಳು' ಅನ್ನುವ ಮಕ್ಕಳು ಹೆಚ್ಚು ಕಲಿತರು. ಇದನ್ನು ಅಕ್ಕನಿಗೆ ಹೇಳಿದ್ದಕ್ಕೆ ಮುತ್ತಿನಕ್ಷರದ ಆ ಹುಡುಗಿಗಾಗಿ ಚೌಕಾಬಾರದ ಮನೆಗಳಲ್ಲಿ 1ರಿಂದ 24ರವರೆಗೆ ಬರೆದು ಆಡಿಸಿ ನೋಡುತ್ತೇನೆ ಅಂದಳು.

*

ಹಾಗಂತ ಪರೀಕ್ಷೆ ಎಲ್ಲ ಎತ್ತಿಹಾಕಿ ಆಟ ಆಡಿಸಿ ಅಂತ ನಾನು ಹೇಳುತ್ತಿಲ್ಲ. ತೊಂದರೆಗಳೂ ಕಂಡವು.

ಒಂದು, ಸಮಯ. ಒಂದು ಆಟಕ್ಕೆ ನಾಲ್ಕು ಮಕ್ಕಳು. 28 ಮಕ್ಕಳಿಗೆ ಏಳು ಆಟ. ದಿನಕ್ಕೆ ಎರಡು ಆಟ ಅಂದರೂ ನಾಲ್ಕು ದಿನ, ಅದೂ ಉಳಿದ 24 ಮಕ್ಕಳು ತಮ್ಮ ಪಾಡಿಗೆ ಕಾರ್ಡಿನ ಕೆಲಸ ಮಾಡಿಕೊಂಡಿದ್ದರೆ. ಎರಡು, ಗೆಳೆಯರು. ಪಕ್ಕದವನು "ಇಲ್ಲಿ ಇಡಲೇ" ಅಂತ ಹೇಳಿಕೊಟ್ಟರೆ ಕಂಡದ್ದು ಯಾರ ಕಲಿಕೆ? ಮೂರು, ಕೆಲವು ಮಕ್ಕಳಿಗೆ ಆಟವೇ ಇಷ್ಟವಿಲ್ಲ. ಒಬ್ಬಳು ಹುಡುಗಿ ಎರಡೂ ದಿನ ಬೀಜ ಮುಟ್ಟಲಿಲ್ಲ. ಅಕ್ಕ ಅವಳನ್ನು ಒತ್ತಾಯ ಮಾಡದೆ ಲೆಕ್ಕ ಬರೆಯುವವಳನ್ನಾಗಿ ಮಾಡಿದಳು, ಯಾರಿಗೆ ಎಷ್ಟು ಬಿತ್ತು ಅಂತ ಸ್ಲೇಟಿನಲ್ಲಿ ಬರೆಯುವ ಕೆಲಸ. ಅವಳು ಎಲ್ಲರಿಗಿಂತ ಮೊದಲೇ ಒಟ್ಟು ಹೇಳಿಬಿಡುತ್ತಿದ್ದಳು. ನಾಲ್ಕು, ದಾಖಲೆ. ಫಾರ್ಮಿನಲ್ಲಿ ಅಂಕ ಬರೆಯಲು ಚೌಕವಿದೆ, 'ತನ್ನ ಮನೆಯನ್ನೇ ಒಂದು ಅಂತ ಎಣಿಸುತ್ತಾಳೆ' ಅಂತ ಬರೆಯಲು ಜಾಗವಿಲ್ಲ. ಹಾಗಾಗಿ ಅಕ್ಕನಿಗೆ ನೋಟ್‌ಬುಕ್ ಬೇರೆ, ಫಾರ್ಮು ಬೇರೆ, ಎರಡು ಪಟ್ಟು ಕೆಲಸ.

ಕಾನೂನು, ನೀತಿ ಎಲ್ಲ ಕಾಗದದ ಮೇಲೆ ಆಟದ ಪರವಾಗಿಯೇ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಮಾಡಿ ಅನ್ನುತ್ತದೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಪರೀಕ್ಷೆ ಅನ್ನುವುದು ಸೂಕ್ತವೇ ಅಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ಕೋವಿಡ್ ನಂತರ 2022-23ರಲ್ಲಿ ನಮ್ಮ ರಾಜ್ಯದಲ್ಲಿ ಕಲಿಕಾ ಚೇತರಿಕೆ ಅಂತ ಕಾರ್ಯಕ್ರಮ ನಡೆದಾಗ ಕ್ಲಸ್ಟರ್ ಮಟ್ಟದ ಕಲಿಕಾ ಹಬ್ಬಗಳಲ್ಲಿ ಹಾಡು-ಆಡು, ಕಾಗದ-ಕತ್ತರಿ, ಮಾಡು-ಆಡು, ಊರು ತಿಳಿಯೋಣ ಅಂತ ಮೂಲೆಗಳಿದ್ದವು. ಮಕ್ಕಳ ಸಂತೆ ಅಂತೂ ಎಷ್ಟೋ ಶಾಲೆಗಳಲ್ಲಿ ನಡೆಯುತ್ತದೆ. ಕೊತ್ತಂಬರಿ ಕಟ್ಟು ಮಾರಿ ಚಿಲ್ಲರೆ ವಾಪಸು ಕೊಡುವ ಮಗುವನ್ನು ಹತ್ತು ನಿಮಿಷ ನೋಡಿದರೆ ಸಾಕು, ಕಳೆಯುವ ಲೆಕ್ಕ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ. ಇನ್ನೊಂದು ಕಡೆ 5, 8, 9ನೇ ತರಗತಿಗೂ ಬೋರ್ಡ್ ಪರೀಕ್ಷೆ ಬೇಕು ಅನ್ನುವ ಎಳೆತವೂ ಇತ್ತು. 2024ರಲ್ಲಿ ಆ ಜಗಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ನಿಮಗೆ ನೆನಪಿರಬಹುದು.

ನನ್ನ ಅನಿಸಿಕೆ ಇಷ್ಟು. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಒಂದು ಜಿಲ್ಲೆಯ ಶಾಲೆಗಳು ಹೇಗಿವೆ ಅಂತ ಮೇಲಿನವರಿಗೆ ತಿಳಿಯಬೇಕಾದರೆ ಎಲ್ಲರಿಗೂ ಒಂದೇ ಹಾಳೆ ಬೇಕಾಗಬಹುದು. ನಾಳೆ ಬೆಳಗ್ಗೆ ಈ ಹುಡುಗನಿಗೆ ಯಾವ ಕಾರ್ಡು ಕೊಡಲಿ ಅಂತ ಟೀಚರಿಗೆ ತಿಳಿಯಬೇಕಾದರೆ ಹಾಳೆ ಸಾಲದು. ಪಕ್ಕ ಕೂತು ಅವನು ಆಡುವುದನ್ನು ನೋಡಬೇಕು.

ಆ ಲಂಬಾಣಿ ಹುಡುಗನ ವಿಷಯದಲ್ಲಿ ಆದದ್ದೂ ಅದೇ. ಅಕ್ಕ ಅವನನ್ನು ಭಾಷೆಯ ಏಣಿಯಲ್ಲಿ ಕೆಳಗೇ ಉಳಿಸಿ, ಗಣಿತದ ಏಣಿಯಲ್ಲಿ ಮೂರನೇ ತರಗತಿಯ ಮೆಟ್ಟಿಲಿಗೆ ಹತ್ತಿಸಿದಳು. ಗಣಿತದಲ್ಲಿ ಈಗ ಅವನು ಬೇರೆ ಮಕ್ಕಳಿಗೆ ಹೇಳಿಕೊಡುವ ತಟ್ಟೆಯಲ್ಲಿದ್ದಾನೆ. ಹೇಳಿಕೊಡಬೇಕಾದರೆ ಕನ್ನಡ ಮಾತಾಡಲೇಬೇಕಲ್ಲ, ಆ ಆಸೆಯೂ ಅವಳದು. ಕಬ್ಬಿನ ಕಾಲಕ್ಕೆ ಅವನ ಮನೆಯವರು ಮತ್ತೆ ಹೊರಡುತ್ತಾರಂತೆ. ಅಷ್ಟರೊಳಗೆ ಗುಣಾಕಾರದ ಒಂದಷ್ಟು ಮೆಟ್ಟಿಲು ದಾಟಿಸಬೇಕು ಅಂತ ಅವಳ ಅವಸರ. ಹೋಗುವಾಗ ಅವನ ಜೇಬಿಗೆ ಉಜ್ಜಿದ ನಾಲ್ಕು ಹುಣಸೆ ಬೀಜ ಹಾಕಿ ಕಳಿಸುತ್ತಾಳಂತೆ. ಗದ್ದೆಯ ಬದುವಿನಲ್ಲೂ ಗೆರೆ ಎಳೆಯಬಹುದಲ್ಲ.

*

ನಮ್ಮ ಆಪಿನ ಕಥೆ? ವಾಪಸು ಬಂದು ಮೀಟಿಂಗಿನಲ್ಲಿ ನಾಲ್ಕು ಮಾತು ಇಟ್ಟೆ. ವೇಗಕ್ಕೆ ನಾಣ್ಯ ಬೇಡ. ಕಹೂಟ್‌ನಂಥ ರಸಪ್ರಶ್ನೆ ಆಟಗಳು ಬೇಗ ಒತ್ತಿದವರಿಗೆ ಹೆಚ್ಚು ಅಂಕ ಕೊಡುತ್ತವೆ, ಆಫೀಸಿನ ಟ್ರೈನಿಂಗ್‌ನಲ್ಲಿ ಅದು ಮಜಾ ಕೊಡುತ್ತದೆ ನಿಜ, ಆದರೆ ಮನಸ್ಸಿನಲ್ಲೇ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿ ಉತ್ತರ ಹೇಳುವ ಮಗುವಿಗೆ ಅದು ಅನ್ಯಾಯ. ರ‍್ಯಾಂಕ್ ಪಟ್ಟಿ ಬೇಡ. ಟೀಚರಿಗೆ ಹೋಗುವ ರಿಪೋರ್ಟಿನಲ್ಲಿ ಎಷ್ಟು ಸರಿ ಅನ್ನುವುದರ ಜೊತೆ ಯಾವ ನಡೆ ಆರಿಸಿಕೊಂಡಿತು, ಇನ್ನೇನು ಆರಿಸಬಹುದಿತ್ತು ಅನ್ನುವುದು ಬರಲಿ. ಟೀಚರು ತನ್ನ ಮಾತಿನಲ್ಲಿ ಎರಡು ಸಾಲು ಬರೆಯಲು ಜಾಗ ಇರಲಿ. ಕೊನೆಗೆ ಒಪ್ಪಂದ ಏನಾಯಿತೆಂದರೆ, ರ‍್ಯಾಂಕ್ ಪಟ್ಟಿ ಮೊದಲ ಆವೃತ್ತಿಯಲ್ಲಿ ಇಲ್ಲ, ಎರಡು ಸಾಲಿನ ಜಾಗ ಇದೆ, ವೇಗದ ನಾಣ್ಯದ ಬಗ್ಗೆ ಇನ್ನೂ ಜಗ್ಗಾಟ ನಡೆದಿದೆ, ಕಿರೀಟ ಮಾತ್ರ ಉಳಿಯಿತು. ಗ್ರಾಹಕರಿಗೆ ಕಿರೀಟ ಬಹಳ ಇಷ್ಟವಂತೆ :-)

ಬರುವ ದಾರಿಯಲ್ಲಿ ಹಂಪಿಗೂ ಹೋಗಿದ್ದೆ. ಎಷ್ಟೋ ಸಲ ನೋಡಿದ್ದೇ, ಆದರೆ ಈ ಸಲ ಗೋಪುರ ಬಿಟ್ಟು ನೆಲ ನೋಡುತ್ತಾ ನಡೆದೆ. ಮಂಟಪಗಳ ನೆಲಹಾಸಿನ ಮೇಲೆ, ಬಂಡೆಗಳ ಮೇಲೆ ಆಟದ ಮನೆಗಳನ್ನು ಕೆತ್ತಿರುವುದು ಅಲ್ಲಲ್ಲಿ ಕಾಣುತ್ತದೆ. ಗೆರೆಯ ಚೌಕಗಳು, ಸಾಲು ಗುಳಿಗಳು, ಹುಲಿ-ಕುರಿ ಆಟದ ತ್ರಿಕೋನಗಳು. ನೀವು ಹಂಪಿಗೆ ಹೋದರೆ ಕಾಲಡಿ ನೋಡುವುದನ್ನು ಮರೆಯಬೇಡಿ. ಮಕ್ಕಳಿದ್ದರೆ ನಾಲ್ಕು ಬೀಜ ಜೇಬಿನಲ್ಲಿರಲಿ, ಆದರೆ ದಯವಿಟ್ಟು ಆ ಹಳೇ ಕಲ್ಲಿನ ಮೇಲೆ ಸೀಮೆಸುಣ್ಣ ಹಚ್ಚಬೇಡಿ.

ಕೊನೆಗೊಂದು ಕೋರಿಕೆ. ಚೌಕಾಬಾರಕ್ಕೆ ನಿಮ್ಮೂರಲ್ಲಿ ಏನಂತಾರೆ? ಬಾರ ಅಂದರೆ ನಾಲ್ಕೂ ಕವುಚಿ ಬೀಳುವುದೋ, ಅಂಗಾತ ಬೀಳುವುದೋ? ಒಡೆದು ಹಂಚುವುದಕ್ಕೆ ಬಿಡುತ್ತಾರೋ ಇಲ್ಲವೋ? ನಿಯಮ ಬೇರೆಯಾದರೆ ಅದರಲ್ಲಿ ಅಡಗಿರುವ ಲೆಕ್ಕವೂ ಬೇರೆಯಾಗುತ್ತದೆ. ಅಕ್ಕ ಇಂಥವನ್ನು ಒಟ್ಟು ಹಾಕುತ್ತಿದ್ದಾಳೆ. ನಿಮ್ಮ ಅಜ್ಜಿ ಹತ್ತಿರ ಕೇಳಿ ಬರೆದರೆ ಅವಳ ನೋಟ್‌ಬುಕ್ಕಿಗೆ ಸೇರಿಸಲು ಹೇಳುತ್ತೇನೆ.